ಬೆಂಚಿನ ಮೇಲಿನ ತಾಳ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ ನನಗೆ ಸಂತೋಷದೊಡನೆ ಸಂಕೋಚವೂ ಆಯಿತು. ಇಂತಹ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಾವು ಪಡೆದ ಪದವಿಗಳನ್ನೂ ಏರಿದ ಹುದ್ದೆಗಳನ್ನೂ ಕಂಡ ದೇಶಗಳನ್ನೂ ಕುರಿತು ಬರೆಯುವುದು ವಾಡಿಕೆ. ನಾನು ಬರೆಯಹೊರಟಿರುವುದು ಅಂತಹ ಸಾಧನೆಯ ಕಥೆಯಲ್ಲ. ಉಪಾಧ್ಯಾಯನಾಗಿ ನಾನು ಮಾಡಿದ ಒಂದು ತಪ್ಪನ್ನೂ, ಅದು ತಪ್ಪೆಂದು ತಿಳಿಯಲು ನನಗೆ ಮೂವತ್ತಮೂರು ವರ್ಷ ಹಿಡಿದ ಬಗೆಯನ್ನೂ ಇಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ಈ ಶಾಲೆಯಿಂದ ಹೊರಟವರಲ್ಲಿ ಉಪಾಧ್ಯಾಯರಾದವರೇ ಬಹಳ ಮಂದಿ. ಅವರಲ್ಲಿ ಒಬ್ಬರಿಗಾದರೂ ಇದರಿಂದ ಉಪಯೋಗವಾದರೆ ನನ್ನ ಬರವಣಿಗೆ ಸಾರ್ಥಕ.

ನಾನು ನಂಜನಗೂಡು ತಾಲ್ಲೂಕಿನ ಹೆಡತಲೆಯವನು. ನಮ್ಮೂರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ, ಮೂರು ಗರ್ಭಗುಡಿಗಳ ಗುಡಿ. ಅಲ್ಲಿ ಹದಿನಾರು ಮುಖದ ಚಾವಡಿಯೊಂದುಂಟು. ಹಿಂದೆ ಊರನ್ನಾಳಿದ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಿದ್ದರೆಂದೂ, ಅವರಲ್ಲಿ ಯಾರೂ ಹೆಚ್ಚು, ಯಾರೂ ಕಡಿಮೆ ಎನಿಸದಂತೆ ಕುಳಿತುಕೊಳ್ಳಲೆಂದೇ ಚಾವಡಿಯನ್ನು ಹಾಗೆ ಕಟ್ಟಿಸಿದನೆಂದೂ ನಮ್ಮ ಅಜ್ಜಿ ಹೇಳುತ್ತಿದ್ದರು. ಬಾಲ್ಯದಲ್ಲಿ ಆ ಕಥೆಯನ್ನು ಎಷ್ಟು ಬಾರಿ ಕೇಳಿದರೂ ನನಗೆ ಸಾಲದು. ಆದರೆ ಹಬ್ಬದ ದಿನಗಳಲ್ಲಿ ತಮಟೆ ಬಾರಿಸುವವರು ಎಲ್ಲಿ ಕುಳಿತುಕೊಳ್ಳುತ್ತಿದ್ದರೆಂದು ನಾನು ಒಮ್ಮೆಯೂ ಕೇಳಲಿಲ್ಲ. ಅವರು ಕುಳಿತುಕೊಳ್ಳುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಹುಲ್ಲಿನ ಬೆಂಕಿ ಮಾಡಿ ತಮಟೆಯ ಚರ್ಮವನ್ನು ಕಾಯಿಸಿ, ಮೆರವಣಿಗೆಯ ಮುಂದೆ ಬಾರಿಸಿ, ಮುಗಿದ ಮೇಲೆ ತಮ್ಮ ಕೇರಿಗೆ ಹೋಗಿಬಿಡುತ್ತಿದ್ದರು. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿದು ಬಂದಾಗಲೂ ನಾವು ಜಗಲಿಯ ಮೇಲಿಂದಲೇ ಕೇಳಿ, ಮೊರದಲ್ಲಿ ರಾಗಿ ತಂದು ನೀಡುತ್ತಿದ್ದೆವು. ಅವರ ನಾದ ನಮಗೆ ಬೇಕಾಗಿತ್ತು. ಅವರ ಹೆಸರನ್ನು ಮಾತ್ರ ನಾವು ಕೇಳುತ್ತಿರಲಿಲ್ಲ.

ಈ ಶಾಲೆಯಲ್ಲಿ ಓದಿ, ಇಲ್ಲಿಯ ಪ್ರಸಾದದಿಂದ ಬೆಳೆದು, ಕನ್ನಡದಲ್ಲಿ ಪದವಿ ಪಡೆದು, 1979ರಲ್ಲಿ ನಾನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಕನ್ನಡ ಉಪಾಧ್ಯಾಯನಾಗಿ ಹೋದೆನು. ಗದ್ದೆಬಯಲಿನ ಹುಡುಗನಾದ ನನಗೆ ಆ ದಟ್ಟವಾದ ಕಾಡು, ಬಿಡದೆ ಸುರಿಯುವ ಮಳೆ, ಅಡಕೆ ತೋಟಗಳು, ಎಲ್ಲವೂ ಹೊಸದು. ಅದಕ್ಕಿಂತ ಹೊಸದಾಗಿ ಕಂಡವರು ಸಿದ್ದಿಗಳು. ಗುಂಗುರು ಕೂದಲು, ಕಡುಗಪ್ಪು ಮೈಬಣ್ಣದ ಈ ಜನರನ್ನು ಕಂಡು ಮೊದಲ ದಿನ ನಾನು ಇವರು ಯಾವ ದೇಶದವರೆಂದು ಸಹೋದ್ಯೋಗಿಗಳನ್ನು ಕೇಳಿದೆನು. ‘ನಮ್ಮ ದೇಶದವರೇ, ನಿಮಗಿಂತ ಮೊದಲು ಇಲ್ಲಿಗೆ ಬಂದವರು’ ಎಂದು ಅವರು ನಕ್ಕರು.

ಆ ಮಾತು ನಿಜ. ಆಫ್ರಿಕಾದ ಪೂರ್ವ ಕರಾವಳಿಯಿಂದ ಅರಬ್ಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ಹಡಗಿನಲ್ಲಿ ತಂದವರ ಸಂತತಿ ಇವರದು. ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು ಅನೇಕರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಹಳ್ಳಿಗಳಲ್ಲಿ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ; ಮೂವರೂ ಸಿದ್ದಿಗಳೇ. ದಖ್ಖಣದ ಚರಿತ್ರೆಯಲ್ಲಿ ಇದೇ ಮೂಲದವರು ದೊಡ್ಡ ಪದವಿಗಳಿಗೂ ಏರಿದ್ದರು. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯಸೂತ್ರವನ್ನು ಹಿಡಿದು ಮೊಗಲರನ್ನು ಎದುರಿಸಿ 1626ರಲ್ಲಿ ತೀರಿಕೊಂಡನು. ವಿಜಾಪುರದಲ್ಲಿ ಮಹಮ್ಮದ್ ಆದಿಲ್‌ಶಹನ ಮಂತ್ರಿಯಾಗಿದ್ದ ಇಖ್ಲಾಸ್‌ಖಾನನು ಸುಲ್ತಾನನೊಡನೆ ಆನೆಯ ಮೇಲೆ ಕುಳಿತಿರುವ ಚಿತ್ರವನ್ನು ಆ ಆಸ್ಥಾನದ ಕಲಾವಿದರು ಬರೆದಿದ್ದಾರೆ. ಆದರೆ ನಾನು ಕಂಡ ಸಿದ್ದಿಗಳು ಕೂಲಿ ಮಾಡುವವರು, ಜೇನು ಸೌದೆ ತರುವವರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದೇ 2003ರಲ್ಲಿ. ಆಗಿನ ದಿನಗಳಲ್ಲಿ ಅವರ ಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿತ್ತು.

ಹಾಗೆ ಹತ್ತಿ ಬಂದವನೊಬ್ಬ ನನ್ನ ಎಂಟನೆಯ ತರಗತಿಯಲ್ಲಿದ್ದನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯ ಬೆಂಚು, ಮಾತು ಕಡಿಮೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತಾಡುವವನಾದ್ದರಿಂದ ಅವನಿಗೆ ಹಳೆಯ ಕಾವ್ಯದ ಕನ್ನಡ ಕಷ್ಟವಾಗಿತ್ತು. 1981ರ ಆಷಾಢದ ಒಂದು ಮಧ್ಯಾಹ್ನ ನಾನು ಭಾಮಿನೀ ಷಟ್ಪದಿಯನ್ನು ವಾಚಿಸಿ ಪಾಠ ಹೇಳುತ್ತಿದ್ದೆನು. ಹೊರಗೆ ಮಳೆ. ಹಿಂದಿನಿಂದ ಟಕಟಕ ಎಂಬ ಸದ್ದು ಕೇಳಿಸಿತು. ನಿಲ್ಲಿಸಿದೆ, ನಿಂತಿತು, ಓದಿದೆ, ಮತ್ತೆ ಪ್ರಾರಂಭವಾಯಿತು. ಮೂರನೆಯ ಬಾರಿ ನೋಡಿದರೆ ಅವನ ಹತ್ತು ಬೆರಳುಗಳೂ ಬೆಂಚಿನ ಮೇಲೆ ಆಡುತ್ತಿದ್ದವು. ನನಗೆ ಅಸಾಧ್ಯ ಕೋಪ ಬಂತು. ‘ಇದೇನು ನಿಮ್ಮ ಕಾಡಿನ ಕುಣಿತವೆಂದು ತಿಳಿದೆಯಾ? ಬಾರಿಸುವುದಾದರೆ ಹೊರಗೆ ನಿಂತು ಬಾರಿಸು’ ಎಂದು ಗದರಿಸಿ ಮಳೆಯ ಎರಚಲು ಬೀಳುತ್ತಿದ್ದ ಪಡಸಾಲೆಯಲ್ಲಿ ಸಂಜೆಯವರೆಗೂ ನಿಲ್ಲಿಸಿದೆನು. ತರಗತಿಯೆಲ್ಲ ನಕ್ಕಿತು. ಮರುದಿನ ಅವನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನು ಅವನ ಮನೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಕೆಲವು ತಿಂಗಳಾದ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆಯನ್ನೆಳೆದವನೂ ನಾನೇ.

ಅದೇ ವರ್ಷದ ಕೊನೆಯಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ನಮ್ಮ ಮನೆಗೆ ಸೌದೆ ತಂದು ಹಾಕುತ್ತಿದ್ದ ಸಿದ್ದಿ ಹೆಂಗಸೊಬ್ಬಳಿಗೆ ನನ್ನ ಹೆಂಡತಿ ಹಳೆಯ ಸೀರೆಗಳನ್ನೂ ನನ್ನ ಹರಿದ ಅಂಗಿಗಳನ್ನೂ ಕೊಡುತ್ತಿದ್ದಳು. ಮಗುವಿಗೆ ಮೂರು ತಿಂಗಳಾದಾಗ ಆಕೆ ಬಂದು ಒಂದು ಪುಟ್ಟ ಕೌದಿಯನ್ನು ತೊಟ್ಟಿಲ ಮೇಲಿಟ್ಟಳು. ಅವರ ಮಾತಿನಲ್ಲಿ ಅದು ಕವಂದ. ‘ನಿಮ್ಮ ಬಟ್ಟೆಯೇ ಮಾಸ್ತರ್ರೇ, ಹೊಲಿಗೆ ಮಾತ್ರ ನಂದು. ಮೂಲೆಗೆ ಫೂಲ ಹಾಕಿದ್ದೇನೆ, ಫೂಲ ಇಲ್ಲದಿದ್ದರೆ ಅದು ಬತ್ತಲೆ ಅಲ್ಲವಾ?’ ಎಂದಳು. ಆಕೆ ಹೋದ ಮೇಲೆ ನನ್ನ ಹೆಂಡತಿ ಮೆಲ್ಲನೆ, ‘ನೀವು ಹೊರಗೆ ನಿಲ್ಲಿಸಿದಿರಲ್ಲ, ಆ ಹುಡುಗನ ತಾಯಿ ಈಕೆ’ ಎಂದಳು. ನಾನು ಏನನ್ನೂ ಹೇಳಲಿಲ್ಲ. ಚಿಂದಿಯನ್ನು ಮಗುವಿನ ಮೈಮೇಲೆ ಹಾಕಬೇಡ ಎಂದಷ್ಟೇ ಹೇಳಿದ ನೆನಪು. 1983ರಲ್ಲಿ ಮೈಸೂರು ಜಿಲ್ಲೆಗೆ ವರ್ಗವಾದಾಗ ಆ ಕೌದಿಯನ್ನು ಬೀಸುವ ಕಲ್ಲಿಗೆ ಸುತ್ತಿ ಲಾರಿಗೆ ಹಾಕಿಸಿದೆನು. ನನ್ನ ಹೆಂಡತಿ ಅದನ್ನು ಬಿಚ್ಚಿ ಒಗೆದು ಪೆಟ್ಟಿಗೆಯಲ್ಲಿಟ್ಟದ್ದು ನನಗೆ ತಿಳಿದಿರಲಿಲ್ಲ.

ಕಾಲ ಉರುಳಿತು. ಮಗಳು ಓದಿ, ಮದುವೆಯಾಗಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದಳು. ನಾನು 2013ರಲ್ಲಿ ನಿವೃತ್ತನಾಗಿ ಮರುವರ್ಷ ಅವಳ ಮನೆಗೆ ಹೋದೆನು. ಮೊಮ್ಮಗನ ತೊಟ್ಟಿಲಿನಲ್ಲಿ ಕಂಡದ್ದು ಆ ಕೌದಿಯೇ! ತಾಯಿಯ ಪೆಟ್ಟಿಗೆಯಿಂದ ಅವಳು ಅದನ್ನು ಕೊಂಡೊಯ್ದಿದ್ದಳು. ‘ಅಪ್ಪಾಜಿ, ಇಂತಹ ಕೌದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದ್ದರು. ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಯಲ್ಲಾಪುರದ ಕಡೆಯ ಹೆಂಗಸರಲ್ಲಿಗೆ ಹೋಗಿ ಅಧ್ಯಯನ ಮಾಡಿದವರು. ನಮ್ಮ ಮನೆಯ ಈ ಕೌದಿಯನ್ನು ಹೊಲಿದವರ ಹೆಸರೇನು?’ ಎಂದು ಕೇಳಿದಳು. ಹುಡುಗನ ಹೆಸರು ನನಗೆ ನೆನಪಿತ್ತು, ಕೆಂಪು ಗೆರೆ ಎಳೆದಿದ್ದೆನಲ್ಲ. ತಾಯಿಯ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಅಂದು ರಾತ್ರಿ ಆ ಕೌದಿಯನ್ನು ದೀಪದ ಬೆಳಕಿನಲ್ಲಿ ಮೊದಲ ಬಾರಿಗೆ ನೋಡಿದೆನು. ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತಿ ಸುತ್ತಿ, ಒಳಗೊಳಗೆ ಸಾಗಿ ನಡುವಿಗೆ ಬಂದು ಮುಗಿಯುತ್ತದೆ. ತುಂಡುಗಳನ್ನು ಅಳತೆ ಮಾಡಿ ಕತ್ತರಿಸಿದ್ದಲ್ಲ. ಕೈಗೆ ಬಂದ ತುಂಡಿನ ಪಕ್ಕಕ್ಕೆ ಯಾವ ಬಣ್ಣ ಹೊಂದುವುದೆಂದು ಅಲ್ಲಲ್ಲೇ ನಿರ್ಧರಿಸಿದ್ದು. ದೊಡ್ಡ ತುಂಡುಗಳ ಮೇಲೆ ಬೊಟ್ಟಿಟ್ಟಂತೆ ಸಣ್ಣ ಸಣ್ಣ ತುಣುಕುಗಳು. ನಾಲ್ಕು ಮೂಲೆಗಳಲ್ಲಿ ಮಡಿಸಿ ಹೊಲಿದ ತ್ರಿಕೋನದ ಫೂಲಗಳು. ನಡುವೆ, ನನ್ನ ನೀಲಿ ಗೆರೆಯ ಅಂಗಿಯ ಒಂದು ತುಂಡು.

ಹಾರ್ಲೆಮ್ ಎಂಬುದು ಅಮೆರಿಕದ ಕಪ್ಪು ಜನರ ಸಾಂಸ್ಕೃತಿಕ ರಾಜಧಾನಿಯೆಂದು ಹೆಸರಾದ ಬಡಾವಣೆ. ಪ್ರದರ್ಶನ ನಡೆದದ್ದು ಅಲ್ಲಿನ ಶೋಂಬರ್ಗ್ ಕೇಂದ್ರದಲ್ಲಿ. ಒಂದು ಶನಿವಾರ ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಆರ್ಟುರೊ ಶೋಂಬರ್ಗ್ 1874ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದವರು. ಬಾಲಕನಾಗಿದ್ದಾಗ ಉಪಾಧ್ಯಾಯರೊಬ್ಬರು ‘ಕಪ್ಪು ಜನರಿಗೆ ಚರಿತ್ರೆಯೆಂಬುದಿಲ್ಲ’ ಎಂದು ಹೇಳಿದರಂತೆ. ಆ ಮಾತಿಗೆ ಉತ್ತರವಾಗಿ ಆತ ಜೀವನವಿಡೀ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಸಂಗ್ರಹಿಸಿದರು. 1926ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯವು 10,000 ಡಾಲರಿಗೆ ಆ ಸಂಗ್ರಹವನ್ನು ಪಡೆಯಿತು. ಉಪಾಧ್ಯಾಯನ ಒಂದು ಮಾತಿನಿಂದ ಒಬ್ಬ ಬಾಲಕ ಗ್ರಂಥಭಂಡಾರವನ್ನೇ ಕಟ್ಟಿದನು. ಅಂತಹ ಮಾತಿನಿಂದ ಶಾಲೆಯನ್ನೇ ಬಿಟ್ಟ ಬಾಲಕರೆಷ್ಟೋ! ಅವರ ಲೆಕ್ಕವನ್ನಿಟ್ಟವರು ಯಾರು?

ಆ ಕಟ್ಟಡದ ಪ್ರವೇಶ ಮಂಟಪದ ನೆಲದಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮವನ್ನಿಟ್ಟು, ಮೇಲೆ ನದಿಗಳ ರೇಖೆಗಳುಳ್ಳ ವೃತ್ತವನ್ನು ರಚಿಸಿದ್ದಾರೆ. ಗದ್ದುಗೆಗೆ ಕೈಮುಗಿದು ಬೆಳೆದ ನಾನು ಅಲ್ಲಿ ಪಾದರಕ್ಷೆಯೊಡನೆ ಕಾಲಿಡಲು ಹಿಂಜರಿದೆನು. ಗ್ರಂಥಾಲಯದಲ್ಲಿ ಏರನ್ ಡಗ್ಲಸ್ ಎಂಬ ಕಲಾವಿದರು 1934ರಲ್ಲಿ ಬರೆದ ನಾಲ್ಕು ದೊಡ್ಡ ಚಿತ್ರಗಳಿವೆ. ಮೊದಲನೆಯದರಲ್ಲಿ ಆಫ್ರಿಕಾದ ಜನ ಡೋಲು ಬಾರಿಸಿ ಕುಣಿಯುತ್ತಾರೆ. ಮುಂದೆ ದಾಸ್ಯ, ಬಿಡುಗಡೆ, ಮತ್ತೆ ಹಿಂಸೆ. ಕೊನೆಯದರಲ್ಲಿ ಮಹಾನಗರದ ಗೋಪುರಗಳ ನಡುವೆ, ಯಂತ್ರದ ಹಲ್ಲುಚಕ್ರದ ಮೇಲೆ ನಿಂತವನೊಬ್ಬ ಸ್ಯಾಕ್ಸೊಫೋನನ್ನು ಎತ್ತಿ ಹಿಡಿದಿದ್ದಾನೆ. ಡೋಲಿನಿಂದ ಹೊರಟದ್ದು ಜಾಝ್ ಸಂಗೀತದಲ್ಲಿ ಬಂದು ನಿಲ್ಲುತ್ತದೆ. ನಡುವಿನ ದಾರಿ ಸುಗಮವಾದುದಲ್ಲ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆಯೆದ್ದಾಗ ಡೋಲು ಬಾರಿಸಿಕೊಂಡು ಹೊರಟರೆಂದು, ಮರುವರ್ಷವೇ ಅವರು ಡೋಲನ್ನು ಇಟ್ಟುಕೊಳ್ಳಬಾರದೆಂದು ಕಾನೂನಾಯಿತು. ಡೋಲನ್ನು ಕಸಿದುಕೊಂಡರೂ ಕೈಯೊಳಗಿನ ತಾಳವನ್ನು ಕಸಿಯಲಾಗಲಿಲ್ಲ. ನ್ಯೂ ಆರ್ಲಿಯನ್ಸ್ ನಗರದ ಕಾಂಗೊ ಚೌಕದಲ್ಲಿ ಭಾನುವಾರಗಳಂದು ಸೇರಿ ಬಾರಿಸಿ ಕುಣಿದವರ ನಾದವು ಮುಂದೆ ಆ ನಗರದಲ್ಲಿಯೇ ಜಾಝ್ ಆಗಿ ಅರಳಿತು.

ಮರುದಿನ ಭಾನುವಾರ. ಎಜ್‌ಕೋಂಬ್ ಅವೆನ್ಯೂ 555 ಎಂಬ ಹಳೆಯ ಕಟ್ಟಡಕ್ಕೆ ಹೋದೆವು. ಗಾಯಕ ಪಾಲ್ ರಾಬ್ಸನ್, ವಾದ್ಯಗಾರ ಕೌಂಟ್ ಬೇಸಿ ವಾಸವಾಗಿದ್ದ ಕಟ್ಟಡವದು. ಅಲ್ಲಿ ಮಾರ್ಜರಿ ಎಲಿಯಟ್ ಎಂಬ ವೃದ್ಧೆ ತಮ್ಮ ಮನೆಯ ಪಡಸಾಲೆಯಲ್ಲಿಯೇ ಭಾನುವಾರದ ಜಾಝ್ ಗೋಷ್ಠಿಯನ್ನು ನಡೆಸುತ್ತಿದ್ದರು. ಅವರ ಮಗ ಫಿಲಿಪ್ 1992ರಲ್ಲಿ ತೀರಿಕೊಂಡನು. ಅವನ ನೆನಪಿಗಾಗಿ ಆರಂಭಿಸಿದ ಸಂಗೀತ ಸೇವೆಯಿದು. ಟಿಕೆಟ್ಟಿಲ್ಲ, ಆಹ್ವಾನವಿಲ್ಲ. ಮಡಚುವ ಕುರ್ಚಿಗಳು ಅಡುಗೆಮನೆಯವರೆಗೂ ತುಂಬಿದ್ದವು. ಬಂದವರಿಗೆಲ್ಲ ಹಣ್ಣಿನ ರಸ ಹಂಚಿದರು. ಇದು ದಾಸೋಹವಲ್ಲದೆ ಮತ್ತೇನು?

ಸಂಗೀತ ಮೊದಲಾಯಿತು. ಆಕೆ ಪಿಯಾನೊ ನುಡಿಸಿದರು. ಒಬ್ಬರು ಎಲ್ಲರಿಗೂ ಪರಿಚಿತವಾದ ಧಾಟಿಯೊಂದನ್ನು ಎತ್ತಿಕೊಳ್ಳುವರು. ಒಂದು ಸುತ್ತು ಮುಗಿದ ಮೇಲೆ ಅದನ್ನೇ ಒಬ್ಬೊಬ್ಬರೂ ಸರದಿಯಂತೆ ತಮ್ಮ ಮನೋಧರ್ಮಕ್ಕೆ ತಕ್ಕಂತೆ ವಿಸ್ತರಿಸುವರು. ಉಳಿದವರು ತಾಳವನ್ನು ಬಿಡದೆ ಹಿಡಿದು ಅವರಿಗೆ ಆಸರೆಯಾಗಿರುವರು. ನಮ್ಮ ಕಚೇರಿಯ ತನಿ ಆವರ್ತನವನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಪೆಟ್ಟು ನಾವು ನಿರೀಕ್ಷಿಸಿದ ಸ್ಥಾನದಲ್ಲಿ ಬೀಳದೆ ಕೊಂಚ ಮುಂಚೆ, ಇಲ್ಲವೆ ಕೊಂಚ ತಡೆದು ಬೀಳುವುದು; ಅತೀತ, ಅನಾಗತ ಎಂದು ನಮ್ಮ ಶಾಸ್ತ್ರಜ್ಞರು ಹೇಳುವಂತೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಕಪ್ಪು ಬಾಲಕನೊಬ್ಬ ಕುರ್ಚಿಯ ತೋಳಿನ ಮೇಲೆ ಬೆರಳಾಡಿಸುತ್ತಿದ್ದನು. ಯಾರೂ ಅವನನ್ನು ತಡೆಯಲಿಲ್ಲ. ಬಾರಿಸುತ್ತಿದ್ದ ಹಿರಿಯರೊಬ್ಬರು ಅವನ ಕಡೆ ನೋಡಿ ತಲೆದೂಗಿದರು.

ಆ ಕ್ಷಣದಲ್ಲಿ ನನಗೆ ಯಲ್ಲಾಪುರದ ಬೆಂಚಿನ ಸದ್ದು ಮತ್ತೆ ಕೇಳಿಸಿತು. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿಯ ಗಣಗಳು ಮೂರು ಮಾತ್ರೆ, ನಾಲ್ಕು ಮಾತ್ರೆಗಳವು. ಅವನು ಬಾರಿಸಿದ್ದೂ ಅದನ್ನೇ! ನಾನು ಓದು ನಿಲ್ಲಿಸಿದಾಗ ಅವನೂ ನಿಲ್ಲಿಸಿದ್ದು, ನಾನು ಓದಿದಾಗ ಮತ್ತೆ ಹಿಡಿದದ್ದು ಉದ್ಧಟತನದಿಂದಲ್ಲ. ಲಘು ಗುರು ಹಾಕಿ ಪ್ರಸ್ತಾರ ಮಾಡಲು ತಡಕಾಡುತ್ತಿದ್ದ ನಲವತ್ತು ಮಕ್ಕಳ ನಡುವೆ ಆ ಛಂದಸ್ಸನ್ನು ಅರಿತವನು ಅವನೊಬ್ಬನೇ. ಹಳೆಗನ್ನಡದ ಒಂದು ಪದ ತಿಳಿಯದಿದ್ದರೂ ಅದರ ನಡೆ ಅವನ ಬೆರಳಿಗೆ ತಿಳಿದಿತ್ತು. ಕನ್ನಡ ಪಂಡಿತನೆನಿಸಿಕೊಂಡ ನಾನು ಅವನನ್ನು ಮಳೆಯಲ್ಲಿ ನಿಲ್ಲಿಸಿದೆನು. ಗೋಷ್ಠಿ ಮುಗಿಯುವವರೆಗೂ ನಾನು ತಲೆಯೆತ್ತಲಿಲ್ಲ. ಮಗಳು ಸಂಗೀತದಿಂದ ಹೀಗಾಯಿತೆಂದು ತಿಳಿದಳು.

2015ರ ಜನವರಿಯಲ್ಲಿ ಯಲ್ಲಾಪುರಕ್ಕೆ ಹೋದೆನು. ಎರಡು ದಿನ ಅಲೆದ ಮೇಲೆ ಅವನ ಹಾಡಿ ಸಿಕ್ಕಿತು. ವಯಸ್ಸು ನಲವತ್ತೆಂಟು, ಅರ್ಧ ನರೆತ ತಲೆ. ಗೋವೆಯಲ್ಲಿ ಬಹಳ ವರ್ಷ ಕೂಲಿ ಮಾಡಿ ಊರಿಗೆ ಮರಳಿದ್ದನು. ಗೋಡೆಯ ಮೊಳೆಗೆ ಎರಡು ಮುಖದ ದಮಾಮ ತೂಗುತ್ತಿತ್ತು. ಊರಿನ ಮೇಳದಲ್ಲಿ ಅದನ್ನು ಬಾರಿಸುವವನು ಅವನೇ. ಈಗ ಸಿದ್ದಿಗಳ ಕಲೆಗೆ ಬೆಲೆ ಬಂದಿದೆ. 1980ರ ದಶಕದಲ್ಲಿಯೇ ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಕಡೆಯ ಸಿದ್ದಿಗಳಿಂದ ಆಫ್ರಿಕಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಗಿರಿಜಾ ಸಿದ್ದಿಯವರಂತಹ ಕಲಾವಿದೆ ರಂಗಭೂಮಿಯಲ್ಲಿಯೂ ಹಿಂದೂಸ್ತಾನಿ ಸಂಗೀತದಲ್ಲಿಯೂ ಹೆಸರು ಪಡೆದರು. ಇದನ್ನೆಲ್ಲ ಮಾತಿಗೆ ತೊಡಗುವ ನೆಪಕ್ಕಾಗಿ ನಾನು ಹೇಳುತ್ತಿದ್ದೆನು. ಅವನು ತಾಳ್ಮೆಯಿಂದ ಕೇಳುತ್ತಿದ್ದನು. ಕಡೆಗೆ, ‘ಆ ದಿನ ನಿನ್ನನ್ನು ಹೊರಗೆ ನಿಲ್ಲಿಸಿದ್ದು ನನ್ನ ದೊಡ್ಡ ತಪ್ಪಪ್ಪ’ ಎಂದೆನು.

ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಯಾವ ದಿನ ಮಾಸ್ತರ್ರೇ? ನನಗೆ ನೆನಪಿಲ್ಲ. ಹೊರಗೆ ನಿಲ್ಲುವುದು ದಿನವೂ ಇತ್ತಲ್ಲ’ ಎಂದನು.

ಈ ಮಾತನ್ನು ಅವನು ಕೋಪದಿಂದ ಹೇಳಲಿಲ್ಲ. ಮೂವತ್ತು ವರ್ಷ ಹೊತ್ತ ಭಾರವನ್ನು ಇಳಿಸಲು ಹೋದವನಿಗೆ ಇಳಿಸುವ ಸ್ಥಳವೇ ಇಲ್ಲದಂತಾಯಿತು. ನನ್ನ ಪಾಲಿಗೆ ಅದು ಒಂದು ಅಪರಾಧ. ಅವನ ಪಾಲಿಗೆ ಎಲ್ಲ ದಿನಗಳಂತೆ ಒಂದು ದಿನ. ಕ್ಷಮಿಸುವುದಕ್ಕೆ ಅವನಿಗೆ ಅದನ್ನು ಉಳಿದ ದಿನಗಳಿಂದ ಬೇರ್ಪಡಿಸಿಕೊಳ್ಳುವುದೇ ಸಾಧ್ಯವಿರಲಿಲ್ಲ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಕೌದಿಯ ಭಾವಚಿತ್ರವನ್ನು ತೋರಿಸಿದಾಗ ಅವನ ಮುಖ ಅರಳಿತು. ಮೂಲೆಯ ಹೊಲಿಗೆಯ ಮೇಲೆ ಬೆರಳಿಟ್ಟು, ‘ಇದು ಅಮ್ಮನದೇ’ ಎಂದನು. ಆಕೆಯ ಹೆಸರನ್ನು ಕೇಳಿ ಬರೆದುಕೊಂಡು ಮಗಳಿಗೆ ತಿಳಿಸಿದೆನು. ಅವಳು ಅದನ್ನು ಕೌದಿಯ ಹಿಂಬದಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಹೊಲಿದಿದ್ದಾಳೆ. ಹೊರಡುವಾಗ ಅವನು ದಮಾಮವನ್ನು ಇಳಿಸಿ ಸ್ವಲ್ಪ ಹೊತ್ತು ಬಾರಿಸಿದನು. ನಾನು ಅಂಗಳದಲ್ಲಿ ನಿಂತು ಕೇಳಿದೆನು. ಅವನ ಮೊಮ್ಮಗಳು ಒಳಗಿನಿಂದ ಚಾಪೆ ತಂದು ಹಾಸಿ, ಕುಳಿತುಕೊಳ್ಳಿ ಎಂದಳು.

ಈಗ ನಾನು ಹೆಡತಲೆಯಲ್ಲಿಯೇ ಇದ್ದೇನೆ. ಹಬ್ಬದ ದಿನ ತಮಟೆಯವರು ಚರ್ಮ ಕಾಯಿಸುವಲ್ಲಿಗೆ ಹೋಗಿ ಕುಳಿತುಕೊಳ್ಳುತ್ತೇನೆ. ಮೊದಲ ವರ್ಷ ಅವರಿಗೂ ಸಂಕೋಚವಾಯಿತು, ನನಗೂ ಆಯಿತು. ಹಿರಿಯನೊಬ್ಬನು ‘ಇಲ್ಯಾಕೆ ಕುಂತ್ರಿ ಬುದ್ಧೀ’ ಎಂದು ಎದ್ದುನಿಂತನು. ಈಗ ಅವನು ಏಳುವುದಿಲ್ಲ. ಯಾವ ಪೆಟ್ಟಿಗೆ ಯಾವ ಹೆಸರು, ದೇವರನ್ನು ಹೊರಡಿಸುವ ಪೆಟ್ಟು ಯಾವುದು, ಸಾವಿನ ಪೆಟ್ಟು ಯಾವುದು ಎಂದು ಹೇಳಿಕೊಡುತ್ತಾನೆ. ಅರವತ್ತು ವರ್ಷ ಕೇಳಿದ ನಾದವನ್ನು ಈಗ ಮೊದಲ ಪಾಠದಿಂದ ಕಲಿಯುತ್ತಿದ್ದೇನೆ.

ನಮ್ಮ ಶಾಲೆಯ ಅಧ್ಯಾಪಕ ಬಂಧುಗಳಲ್ಲಿ ಎರಡು ಬಿನ್ನಹಗಳಿವೆ. ವಾರ್ಷಿಕೋತ್ಸವದ ಮೆರವಣಿಗೆಗೆ ತಮಟೆ, ನಗಾರಿ, ಕಂಸಾಳೆಯವರನ್ನು ಕರೆಸುತ್ತೇವೆ. ಅತಿಥಿಗಳ ಹೆಸರನ್ನು ಅಚ್ಚು ಹಾಕಿಸುವ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರುಗಳನ್ನೂ ಅಚ್ಚು ಹಾಕಿಸೋಣ. ಸಭಾಂಗಣದೊಳಗೆ ಅವರಿಗೂ ಕುರ್ಚಿ ಹಾಕಿಸೋಣ. ಎರಡನೆಯದು, ಪಾಠದ ನಡುವೆ ಕೊನೆಯ ಬೆಂಚಿನಿಂದ ಸದ್ದು ಬಂದರೆ ಗದರಿಸುವ ಮುನ್ನ ಒಂದು ನಿಮಿಷ ಕಿವಿಗೊಡೋಣ. ಅದು ಬರಿಯ ತುಂಟತನವಿರಬಹುದು. ನಾವು ಹೇಳಿಕೊಡುತ್ತಿರುವ ಪಾಠವೇ ಆಗಿರಲೂಬಹುದು.

ನನಗೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟ ಈ ಶಾಲೆ ನೂರ್ಕಾಲ ಬೆಳಗಲಿ. ಅದರ ಬಾಗಿಲಿನ ಹೊರಗೆ ಯಾವ ಮಗುವೂ ನಿಲ್ಲದಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.